ಖಾರದ ಪಟ್ಟ ಯಾರಿಗೆ?

ಜಗತ್ತಿನ ಅತಿ ಖಾರದ ಮೆಣಸಿನಕಾಯಿ ಯಾವುದು? ಮೂರು ದಶಕಗಳಿಂದ ಈ ವಾದ ನಿಂತಿಲ್ಲ. ಕ್ಯಾಲಿಫೋರ್ನಿಯಾದಿಂದ ಅಸ್ಸಾಮಿಗೆ, ಅಲ್ಲಿಂದ ಇಂಗ್ಲೆಂಡ್, ಆಸ್ಟ್ರೇಲಿಯಾ, ಸೌತ್ ಕೆರೊಲಿನಾಗಳಿಗೆ ಪಟ್ಟ ಹೋಗುತ್ತಲೇ ಇದೆ. ಬೀಜ ಯಾರದು, ಅಳತೆ ಎಂಥದು, ಬೆಳೆದ ಮಣ್ಣು ಯಾವುದು ಎಂದು ಕೇಳದಿದ್ದರೆ ಈ ವಾದಕ್ಕೆ ಅರ್ಥವಿಲ್ಲ.

ಅಸ್ಸಾಮಿನ ಸಹೋದ್ಯೋಗಿಯೊಬ್ಬರು ರಜೆ ಮುಗಿಸಿ ಬರುವಾಗ ಬಿಸ್ಕತ್ತಿನ ಡಬ್ಬಿಯಲ್ಲಿ ಆರು ಮೆಣಸಿನಕಾಯಿ ತಂದಿದ್ದರು. ಅದರಲ್ಲಿ ಎರಡು ನನ್ನ ಪಾಲಿಗೆ ಬಂದವು. ಹೆಬ್ಬೆರಳುದ್ದದ ಕೆಂಪು ಕಾಯಿ. ಸಿಪ್ಪೆ ನಮ್ಮ ಮೆಣಸಿನಕಾಯಿಯಂತೆ ನುಣುಪಾಗಿರಲಿಲ್ಲ, ಹಾಗಲಕಾಯಿಯ ನೆನಪು ತರುವಂತೆ ತರಿತರಿಯಾಗಿತ್ತು. ಮೂಗಿನ ಹತ್ತಿರ ಹಿಡಿದರೆ ಘಾಟಿಗಿಂತ ಮೊದಲು ಮಾಗಿದ ಹಣ್ಣಿನ ಪರಿಮಳ. ಚಾಕುವಿನಿಂದ ಉದ್ದಕ್ಕೆ ಸೀಳಿ ನೋಡಿದೆ. ಬೀಜ ಕಚ್ಚಿಕೊಂಡಿದ್ದ ಬಿಳಿ ತಿರುಳಿನ ಮೇಲೆ ಹಳದಿ ಎಣ್ಣೆಯ ಸಣ್ಣ ಹನಿಗಳಿದ್ದವು. ಅದೇ ಹೊಳಪು ಸಿಪ್ಪೆಯ ಒಳಮೈಯಲ್ಲೂ ಹರಡಿತ್ತು.

ಹಾವೇರಿ ಸೀಮೆಯ ನನ್ನ ಸೋದರಮಾವ ಆ ದಿನ ನಮ್ಮ ಮನೆಯಲ್ಲಿದ್ದರು. ನಲವತ್ತು ವರ್ಷ ಮೆಣಸಿನಕಾಯಿ ಬೆಳೆದವರು. ‘ಮಾಮಾ, ಹುಷಾರು, ಭಾಳ ಖಾರ ಅಂತಾರ’ ಎಂದೆ. ಅವರು ಎಳ್ಳಿನ ಕಾಳಿನಷ್ಟು ಚೂರನ್ನು ರೊಟ್ಟಿಯ ತುಣುಕಿಗೆ ಹಚ್ಚಿ ಬಾಯಿಗಿಟ್ಟುಕೊಂಡರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹಣೆಯ ಮೇಲೆ ಬೆವರು ಮೂಡಿತು, ಕಣ್ಣು ತುಂಬಿತು. ಮಜ್ಜಿಗೆ ಕುಡಿದು, ಸುಧಾರಿಸಿಕೊಂಡು ನಿಧಾನವಾಗಿ ಹೇಳಿದರು: ‘ಖಾರ ಐತಿ ತಮ್ಮಾ. ಆದ್ರ ಇದರ ದಾರಿನ ಬ್ಯಾರೆ. ನಮ್ಮ ಲವಂಗಿ ನಾಲಗಿ ತುದಿಗೆ ಚುರ್ ಅಂತೈತಿ, ರೊಟ್ಟಿ ಮುಗಿಯೂದ್ರಾಗ ಇಳದು ಹೊಕ್ಕೈತಿ. ಇದು ಮೊದಲ ಸುಮ್ನಿದ್ದು, ಆಮ್ಯಾಲ ಗಂಟಲಾಗ ಕುಂತು ಏರಾಕ ಹತ್ತೈತಿ.’

ಅದು ಭೂತ್ ಜೊಲೊಕಿಯಾ. 2007ರಲ್ಲಿ ಗಿನ್ನೆಸ್ ದಾಖಲೆ ಪುಸ್ತಕ ‘ಜಗತ್ತಿನ ಅತಿ ಖಾರದ ಮೆಣಸಿನಕಾಯಿ’ ಎಂದು ಬರೆದುಕೊಂಡ ತಳಿ. ಈಗ ಆ ಪಟ್ಟ ಅದರ ಬಳಿ ಇಲ್ಲ. ಆದರೆ ಮಾಮಾ ಆ ದಿನ ಹೇಳಿದ ‘ದಾರಿನ ಬ್ಯಾರೆ’ ಎಂಬ ಮಾತು ಇಡೀ ವಾದದ ಹೃದಯದಲ್ಲಿದೆ ಎಂದು ಈ ವಿಷಯ ಓದುತ್ತ ಹೋದಂತೆ ನನಗೆ ಮನವರಿಕೆಯಾಗಿದೆ.

ಸಕ್ಕರೆ ನೀರಿನ ಲೆಕ್ಕ

ಖಾರಕ್ಕೆ ಅಳತೆಗೋಲು ಸಿಕ್ಕಿದ್ದು ಒಂದು ಔಷಧ ಕಂಪನಿಯಲ್ಲಿ. ಅಮೆರಿಕದ ಡೆಟ್ರಾಯಿಟ್‌ನ ಪಾರ್ಕ್–ಡೇವಿಸ್ ಕಂಪನಿಯಲ್ಲಿದ್ದ ಔಷಧ ತಜ್ಞ ವಿಲ್ಬರ್ ಸ್ಕೋವಿಲ್ ನೋವಿನ ಮುಲಾಮಿಗೆ ಮೆಣಸಿನಕಾಯಿಯ ಸತ್ವ ಬಳಸುತ್ತಿದ್ದರು. ಒಂದೊಂದು ಕಂತಿನ ಮೆಣಸಿನಕಾಯಿ ಒಂದೊಂದು ಖಾರ. ಇದಕ್ಕೊಂದು ದಾರಿ ಹುಡುಕಿ 1912ರಲ್ಲಿ ಅವರು ತಮ್ಮ ವಿಧಾನ ಪ್ರಕಟಿಸಿದರು. ಒಣಗಿದ ಮೆಣಸಿನಕಾಯಿಯನ್ನು ತೂಗಿ ಆಲ್ಕೊಹಾಲ್‌ನಲ್ಲಿ ನೆನೆಸಿ ಸತ್ವ ತೆಗೆಯುವುದು, ಅದಕ್ಕೆ ಸಕ್ಕರೆ ನೀರು ಬೆರೆಸುತ್ತ ಹೋಗುವುದು, ರುಚಿ ನೋಡುವ ಐವರ ನಾಲಿಗೆಗೆ ಖಾರ ಇನ್ನೇನು ಗೊತ್ತಾಗದು ಎಂಬ ಹಂತ ಬಂದಾಗ ನಿಲ್ಲಿಸುವುದು. ಎಷ್ಟು ಪಟ್ಟು ನೀರು ಬೇಕಾಯಿತೋ ಅದೇ ಅದರ ಸ್ಕೋವಿಲ್ ಅಂಕ.

ಈ ಲೆಕ್ಕವನ್ನು ಅಡುಗೆಮನೆಗೆ ತಂದುಕೊಂಡರೆ ಅದರ ಗಾತ್ರ ತಿಳಿಯುತ್ತದೆ. ಭೂತ್ ಜೊಲೊಕಿಯಾದ ಅಂಕ ಸುಮಾರು 10 ಲಕ್ಷ. ಅದರ ಒಂದು ಚಹಾ ಚಮಚ ಸತ್ವದ ಖಾರ ನಾಲಿಗೆಗೆ ತಿಳಿಯದಂತೆ ಮಾಡಲು 5,000 ಲೀಟರ್ ಸಕ್ಕರೆ ನೀರು ಬೇಕು. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ ಒಂದು ಸಣ್ಣ ಟ್ಯಾಂಕರಿನಷ್ಟು.

ನಾಲಿಗೆಗೆ ಒಂದು ದೌರ್ಬಲ್ಯವಿದೆ. ಎರಡು–ಮೂರು ಸಲ ಖಾರ ಮುಟ್ಟಿದ ಮೇಲೆ ಅದು ಜಡವಾಗುತ್ತದೆ. ಆಂಧ್ರದ ನಾಲಿಗೆಗೂ ಅಮೆರಿಕದ ನಾಲಿಗೆಗೂ ಒಂದೇ ತೀರ್ಪು ಬರುವುದಿಲ್ಲ. ಹಾಗಾಗಿ ಈಗ ಪ್ರಯೋಗಾಲಯದ ಕ್ರೊಮೆಟೊಗ್ರಫಿ ಯಂತ್ರ ಈ ಕೆಲಸ ಮಾಡುತ್ತದೆ. ಒಣ ಮೆಣಸಿನ ಪುಡಿಯಲ್ಲಿ ಕ್ಯಾಪ್ಸೈಸಿನ್ ಮತ್ತು ಅದರ ಬಳಗದ ರಾಸಾಯನಿಕಗಳು ಎಷ್ಟಿವೆ ಎಂದು ಅಳೆದು, ಅದನ್ನು ಸ್ಕೋವಿಲ್ ಅಂಕಕ್ಕೆ ತಿರುಗಿಸುತ್ತಾರೆ. ಶುದ್ಧ ಕ್ಯಾಪ್ಸೈಸಿನ್‌ನ ಅಂಕ ಸುಮಾರು 1.6 ಕೋಟಿ. ದಾಖಲೆಯ ಅಂಕಗಳು ಒಣ ಪುಡಿಯವು ಎಂಬುದನ್ನು ನೆನಪಿಡಬೇಕು. ಗಿಡದಿಂದ ಕಿತ್ತ ಹಸಿ ಕಾಯಿಯ ಬಹುಪಾಲು ನೀರು.

ತೇಜ್‌ಪುರದ ಸುದ್ದಿ

1994ರಲ್ಲಿ ಕ್ಯಾಲಿಫೋರ್ನಿಯಾದ ‘ರೆಡ್ ಸವೀನಾ’ ಎಂಬ ಹಬನೇರೊ ತಳಿ 5,77,000 ಅಂಕದೊಂದಿಗೆ ಗಿನ್ನೆಸ್ ಸೇರಿತು. ವರ್ಷಗಟ್ಟಲೆ ಅದನ್ನು ಅಲುಗಾಡಿಸುವವರು ಯಾರೂ ಇರಲಿಲ್ಲ. 2000ದಲ್ಲಿ ಅಸ್ಸಾಮಿನ ತೇಜ್‌ಪುರದ ರಕ್ಷಣಾ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು: ನಮ್ಮ ಈಶಾನ್ಯದ ಒಂದು ಮೆಣಸಿನಕಾಯಿ 8,55,000 ಅಂಕ ತೋರಿಸಿದೆ. ಜಗತ್ತಿನ ಮೆಣಸಿನಕಾಯಿ ಪ್ರಿಯರಲ್ಲಿ ಹಲವರು ಇದನ್ನು ನಂಬಲಿಲ್ಲ. ಯಂತ್ರ ತಪ್ಪಿರಬೇಕು, ಮಾದರಿ ತಪ್ಪಿರಬೇಕು ಎಂಬ ಅನುಮಾನ.

ಅನುಮಾನ ಬಗೆಹರಿಸಿದ್ದು ನ್ಯೂ ಮೆಕ್ಸಿಕೊ ಸ್ಟೇಟ್ ವಿಶ್ವವಿದ್ಯಾಲಯದ ಚಿಲಿ ಪೆಪ್ಪರ್ ಇನ್‌ಸ್ಟಿಟ್ಯೂಟ್. ಭಾರತಕ್ಕೆ ಬಂದಿದ್ದ ಸದಸ್ಯರೊಬ್ಬರಿಂದ 2001ರಲ್ಲಿ ಅಲ್ಲಿನ ಪ್ರೊಫೆಸರ್ ಪಾಲ್ ಬಾಸ್ಲಂಡ್ ಅವರಿಗೆ ಬೀಜ ಸಿಕ್ಕಿತು. ಈ ಗಿಡ ಬೀಜ ಕೊಡುವುದರಲ್ಲಿ ಜಿಪುಣ. ಪರೀಕ್ಷೆಗೆ ಬೇಕಾದಷ್ಟು ಬೀಜ ಕೂಡಿಸಲು ವರ್ಷಗಳೇ ಹಿಡಿದವು. 2005ರಲ್ಲಿ ಭೂತ್ ಜೊಲೊಕಿಯಾ ಮತ್ತು ರೆಡ್ ಸವೀನಾಗಳನ್ನು ಒಂದೇ ಹೊಲದಲ್ಲಿ ಬೆಳೆದು ಅಳೆದರು. ಈಶಾನ್ಯದ ಕಾಯಿ 10,01,304 ಅಂಕ ತೋರಿಸಿತು. ಪಟ್ಟದಲ್ಲಿ ಕುಳಿತಿದ್ದ ರೆಡ್ ಸವೀನಾ ಅದೇ ಮಣ್ಣಿನಲ್ಲಿ ಎರಡೂವರೆ ಲಕ್ಷದ ಆಸುಪಾಸಿನಲ್ಲಿ ನಿಂತಿತು, ತನ್ನ ದಾಖಲೆಯ ಅರ್ಧವೂ ಇಲ್ಲ.

ಭೂತ್ ಜೊಲೊಕಿಯಾ ಹತ್ತು ಲಕ್ಷದ ಗಡಿ ದಾಟಿದ ಮೇಲೆ ಓಟ ಬಿರುಸಾಯಿತು. ಪಟ್ಟಕ್ಕೇರಿದ ತಳಿಗಳ ಸಾಲು ಇದು:

ರೆಡ್ ಸವೀನಾ, ಅಮೆರಿಕ (1994): 5,77,000
ಭೂತ್ ಜೊಲೊಕಿಯಾ, ಭಾರತ (2007): 10,01,304
ಇನ್ಫಿನಿಟಿ, ಇಂಗ್ಲೆಂಡ್ (2011): 10,67,286
ನಾಗಾ ವೈಪರ್, ಇಂಗ್ಲೆಂಡ್ (2011): 13,82,118
ಟ್ರಿನಿಡಾಡ್ ಸ್ಕಾರ್ಪಿಯನ್ ಬುಚ್ ಟಿ, ಆಸ್ಟ್ರೇಲಿಯಾದಲ್ಲಿ ಬೆಳೆದದ್ದು (2011): 14,63,700
ಕೆರೊಲಿನಾ ರೀಪರ್, ಅಮೆರಿಕ (2013): 15,69,300, ಮರು ಅಳತೆಯಲ್ಲಿ (2017) 16,41,183
ಪೆಪ್ಪರ್ ಎಕ್ಸ್, ಅಮೆರಿಕ (2023): 26,93,000

ಕೊನೆಯ ಎರಡೂ ತಳಿಗಳನ್ನು ರೂಪಿಸಿದವರು ಸೌತ್ ಕೆರೊಲಿನಾದ ಎಡ್ ಕರ್ರಿ. ಅವುಗಳ ಅಳತೆ ನಡೆದದ್ದು ಅಲ್ಲಿನ ವಿಂತ್ರಾಪ್ ವಿಶ್ವವಿದ್ಯಾಲಯದಲ್ಲಿ. ಪೆಪ್ಪರ್ ಎಕ್ಸ್ ಸಿದ್ಧವಾಗಲು ಹತ್ತು ವರ್ಷ ಹಿಡಿಯಿತು. ಇಡೀ ಕಾಯಿ ತಿಂದ ಮೇಲೆ ಮೂರೂವರೆ ಗಂಟೆ ಉರಿ ಇಳಿಯಲಿಲ್ಲ, ಆಮೇಲೆ ಹೊಟ್ಟೆ ಹಿಡಿದುಕೊಂಡಿತು ಎಂದು ಕರ್ರಿ ಅವರೇ ಹೇಳಿಕೊಂಡಿದ್ದಾರೆ.

ಒಂದು ಕಾಯಿಯೋ, ಇಡೀ ಹೊಲವೋ?

ಆಸಕ್ತರ ಜಗಳ ಶುರುವಾಗುವುದು ಈ ಪಟ್ಟಿಯ ಕೆಳಗೆ. ಮೊದಲ ಪ್ರಶ್ನೆ ಸರಾಸರಿಯದು. 2012ರಲ್ಲಿ ಬಾಸ್ಲಂಡ್ ತಂಡ ಹಲವು ಉಗ್ರ ತಳಿಗಳನ್ನು, ಒಂದೊಂದಕ್ಕೂ ಸುಮಾರು 125 ಗಿಡಗಳಂತೆ, ಒಂದೇ ಕಡೆ ಬೆಳೆಸಿತು. ಟ್ರಿನಿಡಾಡ್ ಮೊರುಗಾ ಸ್ಕಾರ್ಪಿಯನ್‌ನ ಸರಾಸರಿ 12 ಲಕ್ಷ ದಾಟಿತು. ಆದರೆ ಅದೇ ತಳಿಯ ಬಿಡಿ ಗಿಡವೊಂದರ ಕಾಯಿ 20 ಲಕ್ಷವನ್ನೂ ಮೀರಿತ್ತು. ಕೆರೊಲಿನಾ ರೀಪರ್‌ನಲ್ಲೂ ಹಾಗೆಯೇ: ಸರಾಸರಿ 15.69 ಲಕ್ಷವಾದರೆ ಬಿಡಿ ಕಾಯಿ 22 ಲಕ್ಷದವರೆಗೆ ಹೋಗಿತ್ತು. ತರಗತಿಯಲ್ಲಿ ಒಬ್ಬ ಹುಡುಗನಿಗೆ ನೂರಕ್ಕೆ ನೂರು ಬಂದರೆ ಶಾಲೆಯ ಫಲಿತಾಂಶ ನೂರಾಗುತ್ತದೆಯೇ? ಸಾಧ್ಯವಾದಷ್ಟು ಗಿಡ, ಒಂದೇ ಹೊಲ, ಸರಾಸರಿ ಅಂಕ ಎನ್ನುವವರ ಪಕ್ಷ ನನ್ನದು. ಒಂದು ತಳಿಯ ಗುಣ ಅದರ ಸಾಮಾನ್ಯ ಗಿಡದಲ್ಲಿ ಕಾಣಬೇಕು.

ಎರಡನೆಯದು ಬೀಜದ ಪ್ರಶ್ನೆ. ರೀಪರ್‌ನ ಬೀಜ ಜಗತ್ತಿನ ಮೂಲೆ ಮೂಲೆಗೆ ಹೋಗಿದೆ, ಬೆಂಗಳೂರಿನ ಬಾಲ್ಕನಿಗಳಲ್ಲೂ ಅದರ ಗಿಡಗಳಿವೆ. ಯಾರು ಬೇಕಾದರೂ ಬೆಳೆದು ಪರೀಕ್ಷಿಸಬಹುದು. ಆದರೆ ಪೆಪ್ಪರ್ ಎಕ್ಸ್ ಪಟ್ಟಕ್ಕೇರಿದಾಗ ಅದರ ಬೀಜವನ್ನಾಗಲಿ ಕಾಯಿಯನ್ನಾಗಲಿ ಮಾರುವುದಿಲ್ಲ ಎಂದು ಕರ್ರಿ ಹೇಳಿದರು. ತಮ್ಮ ಹಿಂದಿನ ತಳಿಯನ್ನು ಹಲವರು ಅನುಮತಿಯಿಲ್ಲದೆ ಬಳಸಿಕೊಂಡರೆಂಬ ನೋವು ಅವರಿಗಿತ್ತು. ಹತ್ತು ವರ್ಷದ ದುಡಿಮೆಯನ್ನು ಕಾಪಾಡಿಕೊಳ್ಳುವ ಹಕ್ಕು ಅವರಿಗೆ ಖಂಡಿತ ಇದೆ. ಆದರೂ ಇನ್ನೊಬ್ಬರು ತಮ್ಮ ಹೊಲದಲ್ಲಿ ಬೆಳೆದು ನೋಡಲಾಗದ ದಾಖಲೆಗೆ ರೆಡ್ ಸವೀನಾ ಎದುರಿಸಿದಂಥ ಪರೀಕ್ಷೆ ಎದುರಾಗುವುದೇ ಇಲ್ಲ.

ಮೂರನೆಯದು ಮಣ್ಣಿನ ಪ್ರಶ್ನೆ. ತೇಜ್‌ಪುರದ ಭೂತ್ ಜೊಲೊಕಿಯಾವನ್ನು ಒಣ ಹವೆಯ ಗ್ವಾಲಿಯರ್‌ನಲ್ಲಿ ಬೆಳೆದು ನೋಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಬ್ರಹ್ಮಪುತ್ರದ ತೇವದಲ್ಲಿ ಬೆಳೆದ ಕಾಯಿಗೆ ಹೋಲಿಸಿದರೆ ಗ್ವಾಲಿಯರ್‌ನ ಕಾಯಿಯ ಖಾರ ಅರ್ಧಕ್ಕಿಂತ ಕೆಳಗಿಳಿದಿತ್ತು. ಗಿಡಕ್ಕೆ ಸಿಗುವ ನೀರು, ಬಿಸಿಲು, ಕಾಯಿಯ ವಯಸ್ಸು ಎಲ್ಲವೂ ಖಾರವನ್ನು ಏರಿಳಿಸುತ್ತವೆ.

ನಾಲ್ಕನೆಯದು ವಂಶದ ಪ್ರಶ್ನೆ. ನಾಗಾ ವೈಪರ್‌ನಲ್ಲಿ ಭೂತ್ ಜೊಲೊಕಿಯಾ, ಬಾಂಗ್ಲಾದ ನಾಗಾ ಮೊರಿಚ್ ಮತ್ತು ಟ್ರಿನಿಡಾಡ್ ಸ್ಕಾರ್ಪಿಯನ್ ಮೂರೂ ಬೆರೆತಿವೆ. ರೀಪರ್‌ನ ತಂದೆ–ತಾಯಿಗಳಲ್ಲಿ ಒಂದು ಕೆರಿಬಿಯನ್ ದ್ವೀಪದ ಹಬನೇರೊ, ಇನ್ನೊಂದು ನಾಗಾ ಮೆಣಸಿನಕಾಯಿ ಎಂದು ಕರ್ರಿ ಹೇಳುತ್ತಾರೆ. ಪಟ್ಟ ಸಾಗರ ದಾಟಿದೆ, ಆದರೆ ಅದನ್ನು ಹೊತ್ತ ಕೆಲವು ತಳಿಗಳಲ್ಲಿ ನಮ್ಮ ಈಶಾನ್ಯದ ರಕ್ತ ಹರಿಯುತ್ತಿದೆ. ಹಿತ್ತಿಲಲ್ಲಿ ಬೀಜ ಉಳಿಸಿ, ಮುಂದಿನ ಮಳೆಗೆ ಬಿತ್ತಿ, ತಲೆಮಾರುಗಳ ಕಾಲ ಆ ಖಾರವನ್ನು ಕಾಪಾಡಿದ ಕುಟುಂಬಗಳ ಹೆಸರು ಯಾವ ದಾಖಲೆ ಪುಸ್ತಕದಲ್ಲೂ ಇಲ್ಲ. ನನ್ನನ್ನು ಕಾಡುವ ಕೊರತೆ ಇದು.

ಉರಿ ಎಲ್ಲಿಂದ ಬರುತ್ತದೆ?

ಖಾರವನ್ನು ನಾವು ರುಚಿ ಎನ್ನುತ್ತೇವೆ, ಷಡ್ರಸಗಳಲ್ಲಿ ಒಂದಾಗಿ ಎಣಿಸುತ್ತೇವೆ. ದೇಹಕ್ಕೆ ಅದು ಸುಟ್ಟ ಅನುಭವ. 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ನಮ್ಮ ನರತಂತುಗಳಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಗುರುತಿಸಿತು. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ತಾಗಿದಾಗ ಮಿದುಳಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಕ್ಯಾಪ್ಸೈಸಿನ್ ಹೋಗಿ ಅದೇ ಬಾಗಿಲು ತಟ್ಟುತ್ತದೆ. ಬೆಂಕಿಯಿಲ್ಲದೆಯೂ ಮಿದುಳಿಗೆ ಬೆಂಕಿಯ ಸುದ್ದಿ ಹೋಗುತ್ತದೆ, ಬೆವರು ಇಳಿಯುತ್ತದೆ, ಮೂಗು ಸೋರುತ್ತದೆ. ಈ ಶೋಧಕ್ಕಾಗಿ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು.

ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಚೊಂಬುಗಟ್ಟಲೆ ನೀರು ಕುಡಿದರೂ ಉರಿ ಇಳಿಯದು. ಹಾಲು, ಮಜ್ಜಿಗೆಗಳಲ್ಲಿರುವ ಕೇಸೀನ್ ಎಂಬ ಪ್ರೊಟೀನ್ ಅದನ್ನು ಹಿಡಿದುಕೊಂಡು ಇಳಿಸುತ್ತದೆ. ಮಾಮಾ ಕೈ ಮಜ್ಜಿಗೆಯ ಲೋಟಕ್ಕೇ ಹೋದದ್ದು ಅನುಭವದ ಮಾತು.

ಖಾರ ಬೀಜದಲ್ಲಿದೆ ಎಂದು ನಾವೆಲ್ಲ ನಂಬಿದ್ದೇವೆ. ಅದು ತಯಾರಾಗುವುದು ಬೀಜ ಕಚ್ಚಿಕೊಂಡಿರುವ ಬಿಳಿ ತಿರುಳಿನಲ್ಲಿ. ಬೀಜಕ್ಕೆ ಅದರ ಸಹವಾಸದಿಂದ ಹತ್ತುತ್ತದೆ. ಅತಿ ಉಗ್ರ ತಳಿಗಳಲ್ಲಿ ಸಿಪ್ಪೆಯ ಒಳಮೈಯಲ್ಲೂ ಖಾರದ ಕೋಶಗಳಿರುತ್ತವೆ ಎಂದು ಬಾಸ್ಲಂಡ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. ನಾನು ಸೀಳಿದ ಕಾಯಿಯ ಒಳಮೈ ಹೊಳೆಯುತ್ತಿದ್ದುದು ಅದಕ್ಕೇ.

ಗಿಡಕ್ಕೆ ಇಷ್ಟೊಂದು ಖಾರ ಯಾಕೆ? ಹಕ್ಕಿಗಳಿಗೆ ಕ್ಯಾಪ್ಸೈಸಿನ್ ಉರಿ ತಾಗುವುದಿಲ್ಲ. ಹಣ್ಣು ತಿಂದು, ಬೀಜವನ್ನು ಜಗಿಯದೆ ದೂರಕ್ಕೆ ಒಯ್ದು ಹಾಕುತ್ತವೆ. ಬೀಜವನ್ನು ಅಗಿದು ಹಾಳುಮಾಡುವ ಇಲಿ, ಅಳಿಲಿನಂಥ ಪ್ರಾಣಿಗಳು ಉರಿಗೆ ಹೆದರಿ ದೂರ ಉಳಿಯುತ್ತವೆ. ಮಲೆನಾಡು, ಕರಾವಳಿಗಳ ಬೇಲಿ ಬದಿಯಲ್ಲಿ ಯಾರೂ ಬಿತ್ತದ ಸೂಜಿ ಮೆಣಸು, ಗಾಂಧಾರಿ ಮೆಣಸು ತಾನೇ ಹುಟ್ಟುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೊಲಿವಿಯಾದ ಕಾಡು ಮೆಣಸಿನಕಾಯಿಗಳ ಅಧ್ಯಯನ ಇನ್ನೊಂದು ಕಾರಣ ಕೊಟ್ಟಿದೆ: ಬೀಜವನ್ನು ಕೊಳೆಸುವ ಶಿಲೀಂಧ್ರವನ್ನು ಕ್ಯಾಪ್ಸೈಸಿನ್ ತಡೆಯುತ್ತದೆ.

ತನ್ನ ಬೀಜ ಕಾಪಾಡಲು ಗಿಡ ಮಾಡಿಕೊಂಡ ಈ ಏರ್ಪಾಟನ್ನು ಪಂದ್ಯದ ವಸ್ತು ಮಾಡಿಕೊಂಡಾಗ ಅಪಾಯ ಬರುತ್ತದೆ. ಅಮೆರಿಕದಲ್ಲಿ ಪಂದ್ಯವೊಂದರಲ್ಲಿ ರೀಪರ್ ತಿಂದ 34 ವರ್ಷದ ವ್ಯಕ್ತಿಗೆ ಸಿಡಿಲು ಹೊಡೆದಂಥ ತಲೆನೋವು ಬಂದು, ಮಿದುಳಿನ ರಕ್ತನಾಳಗಳು ತಾತ್ಕಾಲಿಕವಾಗಿ ಸಂಕುಚಿಸಿದ್ದು 2018ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಯಿತು. ಮಕ್ಕಳು, ಹೃದಯದ ತೊಂದರೆ ಇರುವವರು ಈ ಪಂದ್ಯಗಳ ಹತ್ತಿರವೂ ಸುಳಿಯಬಾರದು.

ಒಂದು ಕಾಯಿ, ಒಂದು ಮನೆ

ಈ ಮೆಣಸಿನಕಾಯಿ ತನ್ನ ಊರಿನಲ್ಲಿ ಹೇಗೆ ಬದುಕುತ್ತದೆ ಎಂದು ಸಹೋದ್ಯೋಗಿಯನ್ನು ಕೇಳಿದೆ. ಅಸ್ಸಾಮಿನಲ್ಲಿ ಅದಕ್ಕೆ ಬಿಹ್ ಜೊಲೊಕಿಯಾ ಎಂಬ ಹೆಸರೂ ಇದೆ; ಬಿಹ್ ಎಂದರೆ ವಿಷ. ನಾಗಾಲ್ಯಾಂಡಿನಲ್ಲಿ ರಾಜಾ ಮಿರ್ಚಾ, ಮಣಿಪುರದಲ್ಲಿ ಊಮೊರೋಕ್. ಹುದುಗಿಸಿದ ಕಳಲೆಯ ಜೊತೆ ಉಪ್ಪಿನಕಾಯಿ, ಹೊಗೆಯಲ್ಲಿ ಒಣಗಿಸಿದ ಮಾಂಸದ ಸಾರು, ಚಟ್ನಿ ಇವೆಲ್ಲದರಲ್ಲಿ ಅದಿದೆ. ಒಂದು ಹೊತ್ತಿನ ಅಡುಗೆಗೆ ಒಂದು ಚೂರು ಸಾಕು, ಇಡೀ ಮನೆಯವರು ಉಣ್ಣುತ್ತಾರೆ. ಖಾರದಷ್ಟೇ ಅದರ ಪರಿಮಳವೂ ಬೇಕು ಎಂದರು ಅವರು. ಆನೆಗಳು ಗದ್ದೆಗೆ ನುಗ್ಗದಂತೆ ಬೇಲಿಯ ಹಗ್ಗಕ್ಕೆ ಈ ಮೆಣಸನ್ನು ಬಳಿಯುವ ಪ್ರಯೋಗಗಳೂ ಅಸ್ಸಾಮಿನಲ್ಲಿ ನಡೆದಿವೆ. 2008ರಲ್ಲಿ ನಾಗಾಲ್ಯಾಂಡಿನ ನಾಗಾ ಮಿರ್ಚಾ ಭೌಗೋಳಿಕ ಗುರುತು ಪಡೆಯಿತು; 2021ರಲ್ಲಿ ಅಲ್ಲಿಂದ ತಾಜಾ ಕಾಯಿ ಲಂಡನ್‌ಗೆ ರಫ್ತಾಯಿತು.

ನಮ್ಮಲ್ಲಿ ಇದಕ್ಕೆ ತಿರುಗುಮುರುಗಾದ ಒಂದು ಹೆಮ್ಮೆ ಇದೆ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಅದರ ಬಣ್ಣಕ್ಕೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಚೀಲ ಬಿಚ್ಚಿ ಮುಷ್ಟಿ ತುಂಬ ಕಾಯಿ ಎತ್ತಿಕೊಳ್ಳುವ ಖರೀದಿದಾರ ಸುಕ್ಕು ನೋಡುತ್ತಾನೆ, ಮುರಿದು ಕೆಂಪು ನೋಡುತ್ತಾನೆ. ತಳಿ ಡಬ್ಬಿಯೋ ಕಡ್ಡಿಯೋ ಎಂದು ಕೇಳುತ್ತಾನೆ. ಆ ಕೆಂಪಿನ ಓಲಿಯೋರೆಸಿನ್ ಲಿಪ್‌ಸ್ಟಿಕ್‌ನವರೆಗೂ ಹೋಗುತ್ತದೆ. 2011ರಲ್ಲಿ ಬ್ಯಾಡಗಿಗೂ ಭೌಗೋಳಿಕ ಗುರುತು ಸಿಕ್ಕಿತು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಬೆರೆಸಿ ಪುಡಿ ಮಾಡಿಸುವ ನಮ್ಮ ತಾಯಂದಿರಿಗೆ ಮೆಣಸಿನಕಾಯಿ ಎಂದರೆ ಒಂದೇ ಅಂಕವಲ್ಲ ಎಂಬುದು ಮೊದಲಿನಿಂದಲೂ ಗೊತ್ತು.

ಬಾಸ್ಲಂಡ್ ಅವರ ಸಂಸ್ಥೆಯೂ ಖಾರವನ್ನು ಐದು ಗುಣಗಳಾಗಿ ಬಿಡಿಸುತ್ತದೆ: ಎಷ್ಟು ಬೇಗ ಹತ್ತುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಬಾಯಿಯ ಯಾವ ಭಾಗದಲ್ಲಿ ಉರಿಯುತ್ತದೆ, ಸೂಜಿಯಂತೆ ಚುಚ್ಚುತ್ತದೆಯೋ ಹರಡಿಕೊಳ್ಳುತ್ತದೆಯೋ, ಕೊನೆಗೆ ತೀವ್ರತೆ ಎಷ್ಟು. ದಾಖಲೆ ಪುಸ್ತಕಕ್ಕೆ ಬೇಕಾದದ್ದು ಐದನೆಯದು. ಉಳಿದ ನಾಲ್ಕನ್ನು ಮಾಮಾ ಒಂದು ಚೂರು ರೊಟ್ಟಿಯಲ್ಲಿ ಹೇಳಿ ಮುಗಿಸಿದ್ದರು.

ಅವರು ಆ ದಿನ ಎರಡು ಕಾಯಿಗಳ ಬೀಜವನ್ನೂ ಕಾಗದದಲ್ಲಿ ಕಟ್ಟಿಕೊಂಡು ಹೋದರು. ಮೊಳೆಯಲು ತಿಂಗಳು ಹಿಡಿಯಿತಂತೆ. ಐದು ಗಿಡ ಉಳಿದವು. ಮರುವರ್ಷ ಬರುವಾಗ ಕಾಯಿ ತಂದರು. ಸಹೋದ್ಯೋಗಿಯನ್ನೂ ಊಟಕ್ಕೆ ಕರೆದೆವು. ಅವರು ಚೂರು ಬಾಯಿಗಿಟ್ಟು, ಪರಿಮಳ ನಮ್ಮ ಮನೆಯದೇ, ಖಾರ ಮಾತ್ರ ಅಷ್ಟಿಲ್ಲ ಎಂದರು. ‘ಬೀಜ ಬಂತು, ಊರು ಬರ್ಲಿಲ್ಲ’ ಎಂದರು ಮಾಮಾ.

ಆದರೆ ಐದು ಗಿಡಗಳ ಕಾಯಿಯೂ ಒಂದೇ ಥರ ಇರಲಿಲ್ಲ. ಬದುವಿನ ಕಡೆಯ ಗಿಡದ್ದು ಉಳಿದವಕ್ಕಿಂತ ಹೆಚ್ಚು ಏರುತ್ತಿತ್ತಂತೆ. ಅದರ ಟೊಂಗೆಗೆ ಅವರು ಕೆಂಪು ದಾರ ಕಟ್ಟಿದ್ದಾರೆ. ಅದರ ಹಣ್ಣಿನ ಬೀಜವನ್ನಷ್ಟೇ ತೆಗೆದು, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಡಬ್ಬಿಗೆ ಹಾಕಿಟ್ಟಿದ್ದಾರೆ, ಮುಂದಿನ ಮಳೆಗಾಲಕ್ಕೆ.